ಕೆರೆಯ ಕಾವಲೂ ಹಕ್ಕಿಯ ಲೆಕ್ಕವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಹೆಸರು ಕೇಳಿದೊಡನೆ ಹಾಸುಗಲ್ಲೂ ಸುಣ್ಣದ ಕಲ್ಲೂ ನೆನಪಿಗೆ ಬರುವುದು ಸಹಜವಾಗಿದೆ. ಆದರೆ ಈ ಕಲ್ಲುನಾಡು ನೀರಿನ ನಾಡೂ ಅಹುದು. ಮುಲ್ಲಾಮಾರಿಯೂ ಬೆಣ್ಣೆತೊರೆಯೂ ಕಾಗಿಣೆಯನ್ನು ಕೂಡುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ತೊಳೆದ ಆ ಕಾಗಿಣೆಯು ಮುಂದೆ ಭೀಮೆಯನ್ನು ಸೇರುತ್ತದೆ.

ಕೆರೆಯನ್ನು ಕಟ್ಟಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟವೆಂಬುದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಕನ್ನಡ ಶಾಸನಗಳಲ್ಲಿ ಕಾಣುವ ‘ಬಿತ್ತುವಟ್ಟ’ವೆಂಬ ಮಾತೇ ಇದಕ್ಕೆ ಸಾಕ್ಷಿ. ಕೆರೆಯ ಜೀರ್ಣೋದ್ಧಾರಕ್ಕಾಗಿ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ಬಂಡಿಗಳ ವೆಚ್ಚಕ್ಕೂ ದತ್ತಿಯಿರುತ್ತಿತ್ತು. ದತ್ತಿಯು ನಿಂತಲ್ಲಿ ಏರಿಯು ಕುಸಿಯಿತು, ಕೆರೆಯು ಹೂಳಿನಿಂದ ತುಂಬಿತು.

ಹಳೆಯ ಕಲಬುರ್ಗಿ ಜಿಲ್ಲೆಗೆ ಸೇರಿದ್ದು, 2009ರ ಡಿಸೆಂಬರಿನಿಂದ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದ ಬೋನಾಳ ಕೆರೆಯ ಚರಿತ್ರೆಯು ಇಲ್ಲಿ ಸ್ಮರಣೀಯವಾದುದು. 1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಆ ಕೆರೆಯ ಕಾರ್ಯದಲ್ಲಿ ಶ್ರಮಿಸಿದನು. ಬೇಸಾಯದ ನೀರಿಗಾಗಿ ಆದ ಆ ಕಾರ್ಯದ ಫಲವನ್ನು ಇಂದು ಹಕ್ಕಿಗಳೂ ಉಣ್ಣುತ್ತಿವೆ; ಬೋನಾಳವು ಪಕ್ಷಿಧಾಮವೆಂದು ಹೆಸರಾಗಿದೆ.

ಹಕ್ಕಿಗಳನ್ನು ಶಾಸ್ತ್ರೀಯವಾಗಿ ದಾಖಲೆ ಮಾಡುವ ಪದ್ಧತಿಯು ಈ ಸೀಮೆಗೆ ತಡವಾಗಿ ಬಂದಿತು. ಈ ಪ್ರಾಂತವು ನಿಜಾಮರ ರಾಜ್ಯದಲ್ಲಿದ್ದಾಗ, 1931–32ರಲ್ಲಿ ಸಲೀಂ ಅಲಿಯವರು ಹೈದರಾಬಾದು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಕೊಂಡರು. ಅದರ ಫಲವು ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಸಲಹೆಯಂತೆಯೇ 1940ರಲ್ಲಿ ಮೈಸೂರು ಸರಕಾರವು ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು. 1987ರಿಂದೀಚೆಗೆ ಏಷ್ಯದ ನೀರುಹಕ್ಕಿಗಳ ಗಣತಿಯು ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತ ಬಂದಿದೆ.

ಈ ಗಣತಿಯು ಬರಿಯ ವಿನೋದವಲ್ಲ. ಬಾತುಗಳು ತೆರೆದ ನೀರನ್ನು ಬಯಸುತ್ತವೆ. ಉಲ್ಲಂಕಿಗಳು ಅಂಚಿನ ಕೆಸರಿನಲ್ಲಿ ಮೇಯುತ್ತವೆ. ಕೊಕ್ಕರೆಗಳಿಗೆ ಗೂಡುಕಟ್ಟಲು ನಡುನೀರಿನ ಜಾಲಿಯ ಮರಗಳು ಬೇಕು. ಹೂಳನ್ನು ಹಾಗೆಯೇ ಬಿಟ್ಟರೆ ನೀರಿಗೆ ಎಡೆಯಿಲ್ಲ. ಅಳತೆಯಿಲ್ಲದೆ ತೆಗೆದು ನಡುಗಡ್ಡೆಯನ್ನೂ ಮರವನ್ನೂ ಕಿತ್ತರೆ ಹಕ್ಕಿಗೆ ನೆಲೆಯಿಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ವರ್ಷವರ್ಷದ ಲೆಕ್ಕವೇ ತಿಳಿಸತಕ್ಕುದು. ಒಂದು ವರ್ಷದ ಎಣಿಕೆಯಿಂದ ಏನೂ ತಿಳಿಯದು. ಮಳೆ ಹೆಚ್ಚಾದ ವರ್ಷ ಹಕ್ಕಿಗಳು ಹಲವು ಹೊಂಡಗಳಿಗೆ ಚದರಿ ಹೋಗಬಹುದು. ಆದುದರಿಂದ ಹಕ್ಕಿಯೊಡನೆ ನೀರಿನ ಮಟ್ಟವನ್ನೂ ಗೂಡುಗಳನ್ನೂ ಬರೆದಿಡುವುದು ಅವಶ್ಯಕ.

2011ರಲ್ಲಿ ಚಿಂಚೋಳಿಯ 134.88 ಚದರ ಕಿಲೋಮೀಟರು ಕಾಡು ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿಯ ಜಲಾಶಯವೂ ಅದರೊಳಗಿದೆ. ಕಾಡು ಮಣ್ಣನ್ನು ಹಿಡಿದರೆ ಜಲಾಶಯಕ್ಕೆ ಹೂಳು ಕಡಿಮೆ. ಜಲಾಶಯದಲ್ಲಿ ನೀರು ನಿಂತರೆ ಬೇಸಗೆಯಲ್ಲಿ ಕಾಡಿನ ಪ್ರಾಣಿಗಳಿಗೆ ಬಾಳು. ಸಾರುವುದು ಒಂದು ದಿನದ ಕಾರ್ಯ. ಕಾಯುವುದು ನಿತ್ಯದ ಕಾರ್ಯ. ಹಿಂದೆ ಬಿತ್ತುವಟ್ಟವನ್ನು ಕಲ್ಲಿನಲ್ಲಿ ಕೊರೆದಂತೆ, ಇಂದು ಊರೂರಿನ ಶಾಲೆಗಳಲ್ಲಿ ತಮ್ಮ ಕೆರೆಯ ಒಂದು ಲೆಕ್ಕದ ಪುಸ್ತಕವಿದ್ದು ಅದು ತಪ್ಪದೆ ಮುಂದುವರಿದರೆ, ಮುಂದಿನವರಿಗೆ ಕೆರೆಯೂ ಉಳಿದೀತು, ಅದರ ಚರಿತ್ರೆಯೂ ಉಳಿದೀತು.