ಕಾಗದ: ಅರ್ಥ ಮತ್ತು ಬಳಕೆ

ಕಾಗದ: ಸಸ್ಯದ ನಾರನ್ನು ನೀರಿನಲ್ಲಿ ಅರೆದು ತಿರುಳು ಮಾಡಿ, ಜಾಲರಿಯ ಮೇಲೆ ತೆಳುವಾಗಿ ಹರಡಿ, ನೀರು ಬಸಿದು, ಒತ್ತಿ ಒಣಗಿಸಿದ ಹಾಳೆ. ಕನ್ನಡದಲ್ಲಿ ಈ ಹೆಸರು ಹಾಳೆಗೆ ಮಾತ್ರ ಸೀಮಿತವಲ್ಲ. ‘ಮಗನಿಂದ ಕಾಗದ ಬಂದಿದೆ’ ಎಂದರೆ ಅಂಚೆಯ ಪತ್ರ. ‘ಹೊಲದ ಕಾಗದ ಸರಿ ಇದೆಯಾ?’ ಎಂದರೆ ಹಕ್ಕಿನ ದಾಖಲೆ. ‘ಯೋಜನೆ ಕಾಗದದ ಮೇಲೇ ಉಳಿಯಿತು’ ಎಂದರೆ ಕೆಲಸ ಆಗಲಿಲ್ಲ. ಇಂಗ್ಲಿಷಿನಿಂದ ಬಂದ ‘ಪೇಪರ್’ ಬೇರೆ ಕೆಲಸಗಳನ್ನು ಹೊತ್ತುಕೊಂಡಿದೆ: ಬೆಳಗಿನ ದಿನಪತ್ರಿಕೆ, ಪರೀಕ್ಷೆಯ ಪ್ರಶ್ನೆಪತ್ರಿಕೆ, ವಿಚಾರ ಸಂಕಿರಣದ ಪ್ರಬಂಧ, ಕೊನೆಗೆ ಹೋಟೆಲಿನ ತೆಳ್ಳನೆಯ ದೋಸೆಯೂ. ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಂಥ ತೆಲಂಗಾಣ ಗಡಿ ಸೀಮೆಯಲ್ಲಿ ಮಾತ್ರ ದಾಖಲೆ ಎಂಬ ಅರ್ಥವೇ ಎಲ್ಲಕ್ಕಿಂತ ಭಾರ. ಹಾಗಾಗಿ ಈ ಲೇಖನದಲ್ಲಿಯೂ ಅದಕ್ಕೇ ಹೆಚ್ಚು ಜಾಗ.

ಕಾಗದ ಬರುವ ಮೊದಲು ಕನ್ನಡ ನಾಡು ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುತ್ತಿತ್ತು. ಲೆಕ್ಕಪತ್ರಕ್ಕೆ ಕಡತವಿತ್ತು: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುವ ಪುಸ್ತಕ. ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಈಗ ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ, ಅದರಲ್ಲಿ ಅಳಿಸುವುದು ಅಪರಾಧ.

ಚೀನದ ಹಾನ್ ಆಸ್ಥಾನದ ತ್ಸೈ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ಕ್ರಮವನ್ನು ಚಕ್ರವರ್ತಿಗೆ ಅರಿಕೆ ಮಾಡಿದನೆಂಬುದು ಪ್ರಸಿದ್ಧ. ಅದಕ್ಕೂ ಹಳೆಯ ಕಾಗದದ ತುಣುಕುಗಳು ಅಲ್ಲಿ ಸಿಕ್ಕಿವೆ. ಎಂಟನೆಯ ಶತಮಾನದಲ್ಲಿ ಈ ವಿದ್ಯೆ ಸಮರಖಂಡಕ್ಕೆ ಬಂತು. ಪಾರಸಿ ಆಡಳಿತದ ಜೊತೆ ಹೆಸರೂ ಸರಕೂ ದಖ್ಖನಿಗಿಳಿದವು. ದೌಲತಾಬಾದಿನ ಹತ್ತಿರದ ಕಾಗಜಿಪುರ ಊರಿಗೆ ಊರೇ ಈ ಕಸುಬಿನಿಂದ ಹೆಸರಾಯಿತು. ಬಹಮನಿ ಅರಸರ ರಾಜಧಾನಿಯಾಗಿದ್ದ ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಆ ಕಾಲದ ಕಾಗದ ಹಳೆ ಬಟ್ಟೆ, ಹಗ್ಗ, ಸೆಣಬಿನ ನಾರಿನಿಂದ ಆದದ್ದು. ಗಂಜಿ ಬಳಿದು ನುಣುಪಾದ ಕಲ್ಲಿನಿಂದ ಉಜ್ಜಿದ ಮೇಲೆ ಲೇಖನಿ ತಡವರಿಸದೆ ಓಡುತ್ತಿತ್ತು.

ಕಾರ್ಖಾನೆ ಕಾಗದ ಬಂದದ್ದು ತಡವಾಗಿ. ಹೈದರಾಬಾದ್ ಸಂಸ್ಥಾನದಲ್ಲಿ ಸಿರ್ಪುರ ಪೇಪರ್ ಮಿಲ್ಸ್ 1938ರಲ್ಲಿ ಸ್ಥಾಪನೆಯಾಗಿ, ಅದಿದ್ದ ಊರು ಕಾಗಜ್‌ನಗರವಾಯಿತು. ಮೈಸೂರು ಸಂಸ್ಥಾನ 1936ರಲ್ಲೇ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆಯನ್ನು ಆರಂಭಿಸಿತ್ತು. ದಾಂಡೇಲಿಯ ಕಾರ್ಖಾನೆ ಉತ್ತರ ಕನ್ನಡದ ಬಿದಿರನ್ನು ನಂಬಿ ಬೆಳೆಯಿತು. ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆ, ರದ್ದಿ ಕಾಗದ ಇವೇ ಇಂದಿನ ಕಚ್ಚಾವಸ್ತು.

ಅಳತೆಯಲ್ಲಿ ಹಳತು ಹೊಸತು ಬೆರೆತಿವೆ. 24 ಹಾಳೆಗೆ ಒಂದು ದಸ್ತು. ಇಂದಿನ ರೀಮಿಗೆ 500 ಹಾಳೆ. ಎ4 ಹಾಳೆಯ ಅಳತೆ 210 × 297 ಮಿಲಿಮೀಟರ್. ಅಂಥ 16 ಹಾಳೆ ಸೇರಿದರೆ ಒಂದು ಚದರ ಮೀಟರ್. ಆದ್ದರಿಂದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ ‘70 ಜಿಎಸ್‌ಎಂ ಮ್ಯಾಪ್ಲಿಥೋ, ಡೆಮಿ 1/8’ ಎಂದು ಅಚ್ಚಾಗಿರುವುದೂ ಇದೇ ತೂಕ ಮತ್ತು ಆಕಾರದ ಲೆಕ್ಕ. ಬೇರೆ ನುಡಿಗಳ ಪುಸ್ತಕಗಳು ಇದನ್ನು ಓದುಗನಿಗೆ ಇಷ್ಟು ನಿಷ್ಠೆಯಿಂದ ಒಪ್ಪಿಸುವುದು ಕಡಿಮೆ.

ಪತ್ರವಾಗಿ ಕಾಗದಕ್ಕೆ ತನ್ನದೇ ಶಿಷ್ಟಾಚಾರವಿತ್ತು. ತಲೆಯಲ್ಲಿ ‘ಶ್ರೀ’, ಆಮೇಲೆ ‘ಉಭಯ ಕುಶಲೋಪರಿ’, ಕೊನೆಗೆ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ಪದ್ಧತಿ ಇಂದಿಗೂ ಇದೆ. ಸಾವಿನ ಸುದ್ದಿ ತಂದ ಕಾಗದವನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ದೂರವಾಣಿ ಬಂದ ಮೇಲೆ ಈ ಅರ್ಥ ಸೊರಗಿದೆ.

ಪೇಪರ್ ಎಂದರೆ ಪತ್ರಿಕೆ ಎಂಬುದರ ಚರಿತ್ರೆ ಚೆನ್ನಾಗಿ ದಾಖಲಾಗಿದೆ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು. ಮರುವರ್ಷ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಓದಿ ಮುಗಿದ ಪತ್ರಿಕೆ ರದ್ದಿಯಾಗಿ ತೂಕಕ್ಕೆ ಬಿದ್ದು, ಕಿರಾಣಿ ಅಂಗಡಿಯಲ್ಲಿ ಪೊಟ್ಟಣವಾಗುತ್ತದೆ. ಬಿಸಿ ಮಿರ್ಚಿ, ಭಜಿಯನ್ನು ಅದರಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಮತ್ತೆ ಮತ್ತೆ ಎಚ್ಚರಿಸಿದೆ. ಅಚ್ಚಿನ ಮಸಿಯಲ್ಲಿ ಸೀಸದಂಥ ಲೋಹಗಳಿರಬಹುದು.

ಮನೆಬಳಕೆಯಲ್ಲಿ ಜಾಣತನ ಕಾಣುವುದು ಹೆಂಗಸರು ಮಾಡುತ್ತಿದ್ದ ಕಾಗದದ ಬುಟ್ಟಿಯಲ್ಲಿ. ರದ್ದಿಯನ್ನು ಚೂರು ಮಾಡಿ ದಿನಗಟ್ಟಲೆ ನೆನೆಹಾಕಬೇಕು. ಬೇರೆಯಾಗಿ ನೆನೆಸಿದ ಮೆಂತ್ಯವನ್ನು ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬಬೇಕು. ಬೋರಲು ಹಾಕಿದ ಪಾತ್ರೆಯ ಮೇಲೆ ಒಂದೇ ದಪ್ಪಕ್ಕೆ ಬಳಿದು, ಒಣಗಿದ ಮೇಲೆ ಕಳಚಿದರೆ ಹಗುರವಾದ, ಗಟ್ಟಿ ಬುಟ್ಟಿ ಸಿದ್ಧ. ಮೆಂತ್ಯದ ಲೋಳೆ ಅಂಟಾಗುತ್ತದೆ, ಅದರ ಕಹಿ ಹುಳವನ್ನು ದೂರವಿಡುತ್ತದೆ. ಬಿದಿರಿನ ಬುಟ್ಟಿ, ಮೊರಗಳ ಸಂದಿ ಮುಚ್ಚುವುದಕ್ಕೂ ಇದೇ ಹಿಟ್ಟು. ಮೊಹರಮ್ಮಿನ ತಾಬೂತಿಗೆ ಬಿದಿರಿನ ಚೌಕಟ್ಟಿನ ಮೇಲೆ ಬಣ್ಣದ ಕಾಗದ, ಬೇಗಡೆ, ಸಂಕ್ರಾಂತಿಯ ಪತಂಗಕ್ಕೆ ತೆಳು ಕಾಗದ, ಬಡಗಿಗೆ ಉಪ್ಪುಕಾಗದ.

ಹಣವಾಗಿ ಕಾಗದ ಈ ಸೀಮೆಗೆ ಬಂದದ್ದು ನಿಜಾಮರ ಕಾಲದಲ್ಲಿ. ಹೈದರಾಬಾದ್ ಸಂಸ್ಥಾನ 1918ರಲ್ಲಿ ತನ್ನದೇ ನೋಟು ಹೊರಡಿಸಲು ಕಾನೂನು ಮಾಡಿತು. ಉಸ್ಮಾನಿಯಾ ಸಿಕ್ಕಾದ ಆ ನೋಟುಗಳ ಮೇಲೆ ಉರ್ದುವಿನ ಜೊತೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಮೊತ್ತ ಬರೆದಿರುತ್ತಿತ್ತು. ಏಳು ಸಿಕ್ಕಾ ರೂಪಾಯಿಗೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ ಎಂಬ ಲೆಕ್ಕ ನಡೆಯುತ್ತಿತ್ತು. ಕಚೇರಿಯ ಆದೇಶದಲ್ಲಿ ಕನ್ನಡಕ್ಕೆ ಜಾಗ ಕೊಡದ ಸರ್ಕಾರ ನೋಟಿನ ಮೇಲೆ ಕೊಟ್ಟಿತ್ತು, ವ್ಯವಹಾರ ನಡೆಯಬೇಕಲ್ಲ. ಇಂದಿನ ನೋಟಿನ ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲು. ನೋಟಿನ ಹಾಳೆ ಮರದ ತಿರುಳಿನದಲ್ಲ, ಹತ್ತಿಯದು; ಅದನ್ನು ತಯಾರಿಸುವ ಕಾರ್ಖಾನೆಯೊಂದು ಮೈಸೂರಿನಲ್ಲಿದೆ.

ಇನ್ನು ದಾಖಲೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೊದಲಿನವೆರಡು ಮೇದಕ್ ಜಿಲ್ಲೆಗೆ, 2016ರಲ್ಲಿ ಸಂಗಾರೆಡ್ಡಿಗೆ ಸೇರಿದವು. ತಾಂಡೂರು ಹೈದರಾಬಾದ್, ರಂಗಾರೆಡ್ಡಿ ಜಿಲ್ಲೆಗಳನ್ನು ದಾಟಿ ಈಗ ವಿಕಾರಾಬಾದಿನಲ್ಲಿದೆ. ಹೊಲ ಇದ್ದಲ್ಲೇ ಇದೆ, ಕಾಗದದಲ್ಲಿ ಜಿಲ್ಲೆ ಮೂರೋ ನಾಲ್ಕೋ ಆಗಿದೆ. ಬರಹವೂ ಬದಲಾಗಿದೆ: ತಾತನ ಕಾಲದ ದಸ್ತಾವೇಜು ಉರ್ದು, ಮೊಮ್ಮಗನ ಪಾಸ್‌ಬುಕ್ಕು ತೆಲುಗು, ಮನೆಮಾತು ಕನ್ನಡವೋ ಮೂರೂ ಬೆರೆತದ್ದೋ. ಪಹಣಿ, ಪಟ್ಟಾ, ಖಾತೆ, ನಕಲು, ಅರ್ಜಿ ಎಂಬ ಮಾತುಗಳಷ್ಟೇ ಎಲ್ಲ ಕಾಲಕ್ಕೂ ಹಾಗೇ ಉಳಿದಿವೆ. ತೆಲಂಗಾಣದಲ್ಲಿ ಜಮೀನಿನ ತಕರಾರು ಬಂದಾಗ ಮೂಲವಾಗಿ ನೋಡುವ 1954–55ರ ಖಾಸ್ರಾ ಪಹಣಿ ತಯಾರಾದಾಗ ಈ ಊರುಗಳು ಇನ್ನೂ ಹಳೆ ಜಿಲ್ಲೆಗಳಲ್ಲೇ ಇದ್ದವು. ಹಳೆ ಕಾಗದದ ಇಸವಿ ಫಸಲಿ ಎಂಬ ಕಂದಾಯ ವರ್ಷದಲ್ಲಿರುತ್ತದೆ. ಅದಕ್ಕೆ 590 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ.

ಇಲ್ಲಿನ ಹಳ್ಳಿಗಳಲ್ಲಿ ಬಹಳ ಕಾಲ ನಡೆದದ್ದು ಸಾದಾ ಬೈನಾಮಾ: ಛಾಪಾಕಾಗದವಿಲ್ಲದೆ, ನೋಂದಣಿ ಇಲ್ಲದೆ, ಬಿಳಿ ಹಾಳೆಯ ಮೇಲೆ ಬರೆದ ಕ್ರಯಪತ್ರ. ಸರ್ವೆ ನಂಬರು, ಎಕರೆ–ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಕೊಟ್ಟ ಹಣ, ಮಾರಿದವನ ಹೆಬ್ಬೆಟ್ಟು, ಊರ ಹಿರಿಯರ ಸಾಕ್ಷಿ. ಅಷ್ಟೇ. ಅದರ ಬಲದ ಮೇಲೆ ತಲೆಮಾರುಗಟ್ಟಲೆ ಉಳುಮೆ ನಡೆಯಿತು. ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ವರ್ಗಾವಣೆ ನೋಂದಣಿಯಾಗಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆದರೆ ಶುಲ್ಕ, ಓಡಾಟ, ಕೂಲಿಯ ನಷ್ಟ ಎಲ್ಲವನ್ನೂ ಲೆಕ್ಕ ಹಾಕಿದ ಸಣ್ಣ ರೈತ ಹಿರಿಯರ ಮಾತನ್ನೇ ಸಾಕೆಂದುಕೊಂಡ. ಹೊಲ ಅವನ ಕೈಯಲ್ಲಿ, ಪಹಣಿಯ ಹೆಸರು ಮಾರಿದವನದು. ಭೂಮಿಯ ಬೆಲೆ ಏರುವವರೆಗೆ ಇದು ಯಾರಿಗೂ ತೊಡಕಾಗಲಿಲ್ಲ. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ಸಾವಿರಾರು ಎಕರೆಯ ಸ್ವಾಧೀನ ಶುರುವಾದಂಥ ಹೊತ್ತಿನಲ್ಲಿ ಪರಿಹಾರ ಕೇಳುವವನಿಗೆ ಮೊದಲ ಪ್ರಶ್ನೆಯೇ ದಾಖಲೆಯಲ್ಲಿ ಹೆಸರು ಯಾರದು ಎಂಬುದು.

ಹಕ್ಕುದಾಖಲೆಯ 1971ರ ಕಾಯಿದೆಯಲ್ಲಿ ಇಂಥ ಕ್ರಯಗಳನ್ನು ಸಕ್ರಮಗೊಳಿಸುವ ದಾರಿ ಇತ್ತು. 2014ರ ಜೂನ್ 2ಕ್ಕೆ ಮೊದಲಿನ ಸಾದಾ ಬೈನಾಮಾಗಳನ್ನು 5 ಎಕರೆಯವರೆಗೆ ಶುಲ್ಕವಿಲ್ಲದೆ ಸಕ್ರಮ ಮಾಡಲು ತೆಲಂಗಾಣ ಸರ್ಕಾರ 2016ರಲ್ಲಿ ಮುಂದಾಯಿತು. 2020ರಲ್ಲಿ ಮತ್ತೆ ಅರ್ಜಿ ಕರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭೂದಾಖಲೆಗಳ ‘ಧರಣಿ’ ಪೋರ್ಟಲ್ ಬಂತು, ಹಳೆ ಕಾಯಿದೆ ಹೋಯಿತು, ಅರ್ಜಿಗಳ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು. 2025ರಲ್ಲಿ ‘ಧರಣಿ’ಯ ಜಾಗಕ್ಕೆ ‘ಭೂ ಭಾರತಿ’ ಬಂದಿದೆ. ಬಿಳಿ ಕಾಗದವನ್ನು ಕಾನೂನಿನ ಅಜ್ಞಾನವೆಂದು ಬರೆದವರಿದ್ದಾರೆ. ಅದು ಬಡವನ ಲೆಕ್ಕಾಚಾರವೆನ್ನುವುದೇ ನ್ಯಾಯ. ಮುದ್ರೆ ಇದ್ದ ಮಾತ್ರಕ್ಕೆ ಕಾಗದ ಸಾಚಾ ಆಗುವುದಿಲ್ಲವೆಂಬುದನ್ನು ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾಕಾಗದ ಹಗರಣ ದೇಶಕ್ಕೇ ತೋರಿಸಿತು.

ಹಳೆ ಕಾಗದದ ಆಯುಸ್ಸು ಅದರ ಹೂರಣದ ಮೇಲೆ ನಿಂತಿದೆ. ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಷಾಜಹಾನ್, ಔರಂಗಜೇಬರ ಕಾಲದ ದಖ್ಖನಿನ ಕಾಗದಗಳು ಉಳಿದುಬಂದಿವೆ. ಬಟ್ಟೆಯ ನಾರಿಗೆ ಆ ತಾಳಿಕೆ ಇದೆ. ಇಪ್ಪತ್ತನೆಯ ಶತಮಾನದ ಅಗ್ಗದ ಕಾಗದದಲ್ಲಿ ಮರದ ತಿರುಳಿನ ಜೊತೆ ಪಟಿಕದ ಆಮ್ಲವೂ ಇರುವುದರಿಂದ ಹಳದಿಯಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಮನೆಯಲ್ಲಿ ಅಂಥ ಉರ್ದು ದಸ್ತಾವೇಜು ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಶಾಖಕ್ಕೆ ಕಾಗದ ಕೆಡುತ್ತದೆ, ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಮಡಿಕೆ ಬಿಡಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆ ಬರಹ ಓದಬಲ್ಲ ಹಿರಿಯರು ಊರಿನಲ್ಲಿರುವಾಗಲೇ ಓದಿಸಿ, ಸರ್ವೆ ನಂಬರು ಮತ್ತು ಚಕ್ಕುಬಂದಿಯನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.