ಗಿಳಿ ನಂದು, ಸರ್ಕಾರಕ್ಕೆ ಫೀಸ್ ಯಾಕೆ?

(1/7)

2024ರ ಆಗಸ್ಟ್ ಕೊನೇ ವಾರ. ನಮ್ಮ ಕ್ಲಾಸ್ ಗ್ರೂಪಲ್ಲಿ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಒಂದು ಸ್ಕ್ರೀನ್‌ಶಾಟ್ ಹಾಕಿದ. ಅವರ ಮನೇಲಿ ಒಂದು ಆಫ್ರಿಕನ್ ಗ್ರೇ ಇದೆ, ಬೂದು ಮೈ, ಕೆಂಪು ಬಾಲ. ಅವರಮ್ಮನ ದನಿಯಲ್ಲೇ "ಊಟಕ್ಕೆ ಬಾರೋ" ಅಂತ ಕರೆಯುತ್ತೆ, ನಾನೇ ಎರಡು ಸಲ ಮೋಸ ಹೋಗಿದ್ದೀನಿ. ಆ ಹಕ್ಕಿಯನ್ನ ಆಗಸ್ಟ್ 28ರ ಒಳಗೆ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಅರ್ಜಿ ಜೊತೆ ಶುಲ್ಕ ಕಟ್ಟಬೇಕು ಅಂತ ಇತ್ತು. ಕೆಳಗೆ ಅವನ ಮೆಸೇಜು: "ಹಕ್ಕಿ ನಂದು, ಕಾಳು ಹಾಕೋದು ನಾನು, ಪಂಜರ ತೊಳೆಯೋದು ನಾನು. ಇವರಿಗೆ ಯಾಕೋ ಫೀಸ್? ಯಾವ ಕಾನೂನು?"

ಎಲ್ಲರೂ ನಗೋ ಎಮೋಜಿ ಹಾಕಿ ಮಲಗಿದ್ರು. ನನಗೆ ಮಾತ್ರ ಆ ಪ್ರಶ್ನೆ ತಲೇಲಿ ಉಳೀತು. ಇತಿಹಾಸ ಓದೋರಿಗೆ "ಯಾವ ಕಾನೂನು?" ಅನ್ನೋದು ಜಗಳದ ಮಾತಲ್ಲ, ಒಳ್ಳೇ ಪ್ರಶ್ನೆ. ಹುಡುಕ್ತಾ ಹೋದೆ, ದಾರಿ ಸೀದಾ ಉಡುಪಿಗೆ ಹೋಯ್ತು. ನಿಜವಾಗ್ಲೂ ಉಡುಪಿಗೇ. ಸ್ವೈಪ್ ಮಾಡಿ.

(2/7)

ಮೊದಲು ಒಂದು ಪದದ ವಿಷಯ. ನಾವು ಈಗ 'ಶುಲ್ಕ' ಅಂತೀವಲ್ಲ, ಹಳೇ ಶಾಸನಗಳಲ್ಲಿ ಸಿಗೋ 'ಸುಂಕ' ಅದೇ ಪದದ ತದ್ಭವ. ಸುಂಕದವನ ಮುಂದೆ ಸುಖದುಃಖ ಹೇಳಿದ ಹಾಗೆ ಅನ್ನೋ ಗಾದೆ ಇದೆ ನೋಡಿ, ಅವನಿಗೆ ನಿಮ್ಮ ಕಷ್ಟ ಬೇಡ, ದುಡ್ಡು ಬೇಕು. ಶುಲ್ಕ, ಸುಂಕ, ತೆರಿಗೆ, ಜನಕ್ಕೆ ಎಲ್ಲ ಒಂದೇ: ಕೊಡಬೇಕಾದ ಕಾಸು. ಆದ್ರೆ ಸ್ವತಂತ್ರ ಭಾರತದ ಕಾನೂನಲ್ಲಿ ತೆರಿಗೆ ಬೇರೆ, ಶುಲ್ಕ ಬೇರೆ. ಅವೆರಡರ ನಡುವೆ ಗೆರೆ ಎಳೆದ ಮುಖ್ಯ ಕೇಸು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ್ದು.

ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲ ಆಗಿತ್ತು, ಧಾರ್ಮಿಕ ದತ್ತಿ ಮಂಡಳಿ ಆಡಳಿತದಲ್ಲಿ ಕೈ ಹಾಕಿತು, ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. ಇದು ಮುಖ್ಯವಾಗಿ ಧಾರ್ಮಿಕ ಸ್ವಾತಂತ್ರ್ಯದ ಕೇಸು ಅಂತ ನಮ್ಮ ಪೊಲಿಟಿಕಲ್ ಸೈನ್ಸ್ ಪುಸ್ತಕದಲ್ಲಿ ಬರುತ್ತೆ. ಆದ್ರೆ ಅದರ ಒಳಗೇ ಇನ್ನೊಂದು ಜಗಳ ಇತ್ತು. 1951ರ ಮದ್ರಾಸ್ ಕಾಯ್ದೆಯ 76ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆ ತನ್ನ ಆದಾಯದಲ್ಲಿ ಶೇ. 5 ಮೀರದಷ್ಟು ಹಣ ಸರ್ಕಾರಕ್ಕೆ ಕೊಡಬೇಕಿತ್ತು. "ನಾವು ನಿಮ್ಮ ಆಡಳಿತ ನೋಡ್ಕೋತೀವಿ, ಅದರ ಖರ್ಚಿಗೆ ಇದು" ಅನ್ನೋದು ಸರ್ಕಾರದ ವಾದ. ಅಂದ್ರೆ ಶುಲ್ಕ.

1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ತೀರ್ಪು ಬರೆದವರು ಬಿ.ಕೆ. ಮುಖರ್ಜಿಯಾ. ಸಾರಾಂಶ ನನ್ನ ಮಾತಲ್ಲಿ: ತೆರಿಗೆ ಅಂದ್ರೆ ಎಲ್ಲರ ಹೊರೆ, ಕೊಟ್ಟವನು "ನನಗೇನು ಸಿಕ್ತು?" ಅಂತ ಕೇಳೋ ಹಾಗಿಲ್ಲ. ಶುಲ್ಕ ಅಂದ್ರೆ ಒಬ್ಬನಿಗೆ ಅಂತ ಮಾಡಿದ ಕೆಲಸಕ್ಕೆ ಅವನಿಂದ ತಗೊಳೋದು, ಅದಕ್ಕೂ ಇದಕ್ಕೂ ಸಂಬಂಧ ಇರಬೇಕು. ಮಠಗಳ ಹಣ ಹೋಗ್ತಿದ್ದದ್ದು ಸರ್ಕಾರದ ಸಂಚಿತ ನಿಧಿಗೆ, ಅಂದ್ರೆ ದೊಡ್ಡ ಹುಂಡಿಗೆ. ಅಲ್ಲಿಂದ ಅದು ಮಠದ ಕೆಲಸಕ್ಕೇ ಖರ್ಚಾಗುತ್ತೆ ಅನ್ನೋ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಇದು ಶುಲ್ಕದ ವೇಷ ಹಾಕಿದ ತೆರಿಗೆ, ಅಂಥ ತೆರಿಗೆ ಹಾಕೋ ಅಧಿಕಾರ ರಾಜ್ಯಕ್ಕಿಲ್ಲ. ಆ ಸೆಕ್ಷನ್ ಬಿತ್ತು.

ಮಜಾ ಏನಂದ್ರೆ ಸರ್ಕಾರ ಪಾಠ ಬೇಗ ಕಲೀತು. ಅದೇ 1954ರಲ್ಲಿ ತಿದ್ದುಪಡಿ ತಂದು, ಹಣಕ್ಕೆ ಬೇರೆ ನಿಧಿ ಮಾಡಿತು. 1963ರಲ್ಲಿ ಆ ಹೊಸ ರೂಪ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸರಿ, ಇದು ಶುಲ್ಕವೇ ಅಂತ ಎತ್ತಿ ಹಿಡೀತು.

(3/7)

ಇಲ್ಲಿಗೆ ಗೆಳೆಯನಿಗೆ ಖುಷಿ ಆಗಿತ್ತು. "ಹಾಗಾದ್ರೆ ನನ್ನ ಹಕ್ಕಿಗೆ ಇಲಾಖೆ ಏನು ಸೇವೆ ಮಾಡ್ತು? ಒಂದು ಕಾಳೂ ಹಾಕಿಲ್ಲ!" ಅಂದ. ತಡಿ ಮಾರಾಯ, ಕಥೆ ಇನ್ನೂ ಇದೆ.

ಕಲ್ಕತ್ತದ ಲಿಬರ್ಟಿ ಸಿನಿಮಾ ಕೇಸು. ವರ್ಷಕ್ಕೆ 400 ರೂಪಾಯಿ ಇದ್ದ ಥಿಯೇಟರ್ ಲೈಸೆನ್ಸ್ ಶುಲ್ಕವನ್ನ ಕಾರ್ಪೊರೇಷನ್ 6,000ಕ್ಕೆ ಏರಿಸಿತು, ಸೀಟು ಎಷ್ಟು ಅಂತ ಲೆಕ್ಕ ಹಾಕಿ. ಥಿಯೇಟರ್‌ನವರು ಕೇಳಿದ್ದು ನನ್ನ ಗೆಳೆಯನ ಪ್ರಶ್ನೆಯೇ: ನಮಗೆ ಏನು ಮಾಡಿದ್ರಿ? 1964ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿದ್ದು: ಹೌದು, ಸೇವೆ ಇಲ್ಲ, ಹಾಗಾಗಿ ಇದು ಶುಲ್ಕ ಅಲ್ಲ, ತೆರಿಗೆ. ಆದ್ರೆ ಆ ತೆರಿಗೆ ಹಾಕೋ ಅಧಿಕಾರ ಕಾರ್ಪೊರೇಷನ್‌ಗೆ ಕಾಯ್ದೆಯಲ್ಲೇ ಇದೆ, ಕಟ್ಟಿ! ವಾದ ಗೆದ್ದು ಕೇಸು ಸೋಲೋದು ಅಂದ್ರೆ ಇದು.

ಆಮೇಲೆ 'ಕೊಟ್ಟಿದ್ದಕ್ಕೆ ಸರಿಯಾಗಿ ಸಿಗಬೇಕು' ಅನ್ನೋ ಲೆಕ್ಕ ಸಡಿಲ ಆಗ್ತಾ ಬಂತು. 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ತೀರ್ಪು, ಪೈಸೆಗೆ ಪೈಸೆ ತಾಳೆ ಹಾಕಬೇಕಿಲ್ಲ ಅಂತು. 1999ರಲ್ಲಿ ಹೈದರಾಬಾದ್ ಹೋಟೆಲ್ ಮಾಲೀಕರ ಕೇಸಲ್ಲಿ ಇನ್ನೊಂದು ವಿಂಗಡಣೆ ಸ್ಪಷ್ಟ ಆಯ್ತು. ಕೆಲವು ಶುಲ್ಕ ಸೇವೆಗೆ, ಕೆಲವು ನಿಯಂತ್ರಣಕ್ಕೆ. ಲೈಸೆನ್ಸು, ನೋಂದಣಿ ಥರದ ನಿಯಂತ್ರಣ ಶುಲ್ಕಕ್ಕೆ ಪ್ರತಿಯಾಗಿ ಸೇವೆ ತೋರಿಸಬೇಕಿಲ್ಲ, ಆದ್ರೆ ಮೊತ್ತ ವಿಪರೀತ ಇರಬಾರದು, ಅಷ್ಟೆ.

ನನ್ನ ಗೆಳೆಯನ ವಾದ ಅಲ್ಲಿಗೆ ಮಠಾಶ್.

(4/7)

ಈಗ ಹಕ್ಕಿಗಳ ಕಡೆ ಬರೋಣ. ಬ್ರಿಟಿಷರು 1887ರಲ್ಲಿ ಕಾಡುಹಕ್ಕಿಗಳ ರಕ್ಷಣೆಗೆ ಅಂತ ಒಂದು ಕಾಯ್ದೆ ಮಾಡಿದರು. ಪುಟ್ಟ ಕಾಯ್ದೆ. ಮುನ್ಸಿಪಾಲಿಟಿ, ಕಂಟೋನ್ಮೆಂಟ್ ಒಳಗೆ, ಮರಿ ಮಾಡೋ ಕಾಲದಲ್ಲಿ ಹೊಸದಾಗಿ ಹಿಡಿದ ಅಥವಾ ಕೊಂದ ಹಕ್ಕಿ ಇಟ್ಕೊಳ್ಳೋದು, ಮಾರೋದು ತಪ್ಪು. ಊರಾಚೆ ಏನಾದ್ರೂ ಮಾಡ್ಕೊಳ್ಳಿ ಅನ್ನೋ ಧಾಟಿ! 1902ರಲ್ಲಿ ಹಕ್ಕಿಗಳ ಗರಿ ಮತ್ತು ಚರ್ಮದ ರಫ್ತು ನಿಂತಿತು (ಯುರೋಪಿನ ಹೆಂಗಸರ ಟೋಪಿಗೆ ನಮ್ಮ ಬೆಳ್ಳಕ್ಕಿ ಗರಿ ಹೋಗ್ತಿತ್ತು). 1912ರ ಕಾಯ್ದೆಯಲ್ಲಿ ನವಿಲು, ಕೌಜುಗ, ಮಿಂಚುಳ್ಳಿ, ನೀಲಕಂಠ ಇವುಗಳ ಪಟ್ಟಿ ಮತ್ತು ಬೇಟೆ ನಿಷೇಧದ ತಿಂಗಳು ಬಂದವು. ಗಮನಿಸಿ, ಇವೆಲ್ಲ 'ಯಾವಾಗ ಕೊಲ್ಲಬಾರದು' ಅನ್ನೋ ಕಾನೂನು. ಪಂಜರದಲ್ಲಿರೋ ಹಕ್ಕಿ ಯಾರದ್ದು, ಎಷ್ಟಿವೆ ಅನ್ನೋ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಆ ಲೆಕ್ಕ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜೊತೆ. ಅದರ 40, 41, 42ನೇ ಸೆಕ್ಷನ್: ಪಟ್ಟಿಯಲ್ಲಿರೋ ಕೆಲವು ಪ್ರಾಣಿ ನಿಮ್ಮ ಹತ್ರ ಇದ್ರೆ ಘೋಷಿಸಿ, ಅಧಿಕಾರಿ ಬಂದು ವಿಚಾರಿಸ್ತಾರೆ, ಸರಿ ಇದ್ರೆ ಮಾಲೀಕತ್ವದ ಪ್ರಮಾಣಪತ್ರ. ವ್ಯಾಪಾರಿಗಳಿಗೆ 44ನೇ ಸೆಕ್ಷನ್. ಲೈಸೆನ್ಸ್ ಬೇಕು, ಅರ್ಜಿಯನ್ನ 'ನಿಯಮದಲ್ಲಿ ಗೊತ್ತುಪಡಿಸಿದ ಶುಲ್ಕ' ಕಟ್ಟಿ ಹಾಕಬೇಕು.

(5/7)

ಆ 'ಗೊತ್ತುಪಡಿಸಿದ ಶುಲ್ಕ' ಅನ್ನೋ ಎರಡು ಪದ ಇದೆಯಲ್ಲ, ಓದುವಾಗ ಹಾರಿಸಿಬಿಡ್ತೀವಿ. ಇಡೀ ವಿಷಯದ ಜೀವ ಅಲ್ಲೇ ಇರೋದು. ನಾಲ್ಕು ಮೆಟ್ಟಿಲು ಹತ್ತಿದ್ರೆ ಮಾತ್ರ ಕೌಂಟರ್‌ನಲ್ಲಿ ನಿಮ್ಮಿಂದ ಹಣ ಕೇಳಬಹುದು.

ಮೊದಲನೇದು, ಆ ವಿಷಯದ ಮೇಲೆ ಕಾನೂನು ಮಾಡೋ ಅಧಿಕಾರ ಯಾರಿಗೆ? 1972ರಲ್ಲಿ ಕಾಡುಪ್ರಾಣಿ, ಹಕ್ಕಿ ರಕ್ಷಣೆ ರಾಜ್ಯಪಟ್ಟಿಯಲ್ಲಿತ್ತು. ಸಂಸತ್ತು ಸುಮ್ಮನೆ ಕೈ ಹಾಕೋ ಹಾಗಿರಲಿಲ್ಲ. ಅದಕ್ಕೇ ಸಂವಿಧಾನದ 252ನೇ ವಿಧಿ ಬಳಸಿ, ಹನ್ನೊಂದು ರಾಜ್ಯಗಳ ನಿರ್ಣಯ ತಗೊಂಡು ಕಾಯ್ದೆ ಮಾಡಿದರು. ಆ ಹನ್ನೊಂದರಲ್ಲಿ ನಾವಿರಲಿಲ್ಲ, ಆಮೇಲೆ ಸೇರಿದ್ದು (ಆಗಿನ್ನೂ ನಮ್ಮ ರಾಜ್ಯದ ಹೆಸರೇ ಮೈಸೂರು). 1976ರ 42ನೇ ತಿದ್ದುಪಡಿ ಬಂದ ಮೇಲೆ ಈ ವಿಷಯ 17ಬಿ ಅಂತ ಸಮವರ್ತಿ ಪಟ್ಟಿಗೆ ಬಂತು, ಕೇಂದ್ರಕ್ಕೂ ನೇರ ಅಧಿಕಾರ ಸಿಕ್ತು.

ಎರಡನೇದು, ಶುಲ್ಕ ಹಾಕೋ ಅಧಿಕಾರ. ಮೂರೂ ಪಟ್ಟಿಗಳ ಕೊನೆಯಲ್ಲಿ ಸದ್ದಿಲ್ಲದೆ ಒಂದೊಂದು ನಮೂದು ಇದೆ: ಈ ಪಟ್ಟಿಯ ವಿಷಯಗಳ ಬಗ್ಗೆ ಶುಲ್ಕ. ಸಮವರ್ತಿ ಪಟ್ಟಿಯಲ್ಲಿ ಅದು 47ನೇದು. ಹಕ್ಕಿ ಮೇಲೆ ಕಾನೂನು ಮಾಡಬಲ್ಲವರು ಹಕ್ಕಿ ವಿಷಯಕ್ಕೆ ಶುಲ್ಕವನ್ನೂ ಹಾಕಬಹುದು.

ಮೂರನೇದು, ಕಾಯ್ದೆ. ನಾಲ್ಕನೇದು, ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಮಾಡಿದ ನಿಯಮ. ವನ್ಯಜೀವಿ ಕಾಯ್ದೆಯಲ್ಲಿ ಕೇಂದ್ರದ ನಿಯಮ ಮಾಡೋ ಅಧಿಕಾರ 63ನೇ ಸೆಕ್ಷನ್. ಆ ನಿಯಮಗಳನ್ನ ಸಂಸತ್ತಿನ ಮುಂದೆ ಇಡಲೇಬೇಕು.

ಮೂರನೇ ಮೆಟ್ಟಿಲು ಹಾರಿಸಿದ್ರೆ ಏನಾಗುತ್ತೆ? ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರ ಹಾಗೇ ಮಾಡಿತ್ತು. ಮೂಲ ಕಾಯ್ದೆಯಲ್ಲಿ ಸ್ಪಷ್ಟ ಅಧಿಕಾರ ಇಲ್ಲದೇ, ತನ್ನ ನಿಬಂಧನೆಯಲ್ಲೇ ಅಭಿವೃದ್ಧಿ ಶುಲ್ಕ ಸೇರಿಸಿಕೊಂಡಿತು. ಒಳ್ಳೇ ಉದ್ದೇಶ ಇತ್ತು, ರಸ್ತೆ ಗಿಸ್ತೆ ಮಾಡೋಕೆ ಅಂತ ವಾದ. 1992ರಲ್ಲಿ ಸುಪ್ರೀಂ ಕೋರ್ಟ್ ಆ ಶುಲ್ಕ ನಡೆಯಲ್ಲ ಅಂತು. ಉದ್ದೇಶ ಎಷ್ಟೇ ಒಳ್ಳೇದಿರಲಿ, ಹಣ ಕೇಳೋಕೆ ಕಾಯ್ದೆಯ ಬಾಯಿಂದಲೇ ಅಪ್ಪಣೆ ಬೇಕು.

ನನ್ನ ಪ್ರಕಾರ ನಾವು ನೆನಪಿಟ್ಟುಕೊಳ್ಳಬೇಕಾದ ತೀರ್ಪು ಇದು. ಹಾಸ್ಟೆಲ್‌ನಿಂದ ಹಿಡಿದು ಎಲ್ಲ ಕಡೆ ಒಂದು ಸರ್ಕ್ಯುಲರ್ ಅಂಟಿಸಿ ದುಡ್ಡು ಕೇಳೋ ಅಭ್ಯಾಸ ಇರೋ ದೇಶ ನಮ್ದು!

(6/7)

ಸರಿ, ಆಫ್ರಿಕನ್ ಗ್ರೇ ಎಲ್ಲಿಂದ ಬಂತು ಇದರೊಳಗೆ? 1972ರ ಕಾಯ್ದೆಯ ಪಟ್ಟಿ ನಮ್ಮ ದೇಶದ ಜೀವಿಗಳದ್ದು. ವಿದೇಶಿ ಹಕ್ಕಿಗೆ ಅದರಲ್ಲಿ ಜಾಗ ಇರಲಿಲ್ಲ. ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿತ್ತು, ಆದ್ರೆ ಅದು ಗಡಿ ದಾಟೋವಾಗಿನ ಮಾತು. ಗಡಿ ದಾಟಿ ಒಳಗೆ ಬಂದ ಹಕ್ಕಿ ಪೇಟೆಯ ಪಂಜರ ಸೇರಿದ ಮೇಲೆ ಕೇಳೋರಿರಲಿಲ್ಲ. ಕಳ್ಳಸಾಗಣೆಯ ಹಕ್ಕಿಗೆ ಇದಕ್ಕಿಂತ ಅನುಕೂಲ ಏನು ಬೇಕು ಹೇಳಿ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ವಿದೇಶಿ ಪ್ರಾಣಿ ಇಟ್ಕೊಂಡಿರೋರು ಸ್ವಇಚ್ಛೆಯಿಂದ ಘೋಷಿಸಿಕೊಳ್ಳಿ, ಆರು ತಿಂಗಳೊಳಗೆ ಹೇಳಿದ್ರೆ ಕಾಗದಪತ್ರ ಕೇಳಲ್ಲ ಅಂತ ಸಲಹಾಪತ್ರ ಹೊರಡಿಸಿತು. ಅದು ಸಲಹೆ, ಕಾಯ್ದೆ ಅಲ್ಲ. ಗೆಳೆಯನ ಅಪ್ಪ ಪೇಪರಲ್ಲಿ ಓದಿ, "ಸ್ವಇಚ್ಛೆ ಅಂತಿದೆಯಲ್ಲ, ನನಗೆ ಇಚ್ಛೆ ಇಲ್ಲ" ಅಂದು ಪೇಪರ್ ಮಡಚಿಟ್ಟರಂತೆ. ಈಗ ಅದೇ ಅವರ ತಲೆನೋವು.

2022ರ ತಿದ್ದುಪಡಿ ಆಟ ಬದಲಾಯಿಸಿತು. 2023ರ ಏಪ್ರಿಲ್ 1ರಿಂದ ಜಾರಿ. ಸೈಟಿಸ್ ಪಟ್ಟಿಯ ಜೀವಿಗಳು ನಾಲ್ಕನೇ ಅನುಸೂಚಿಗೆ ಬಂದವು, ಹೊಸ ಅಧ್ಯಾಯ ಬಂತು, ಅದರಲ್ಲಿ 49ಎಂ ಸೆಕ್ಷನ್: ಇಂಥ ಜೀವಂತ ಪ್ರಾಣಿ ಯಾರ ಹತ್ರ ಇದ್ರೂ ತಿಳಿಸಬೇಕು, ನೋಂದಣಿ ಪ್ರಮಾಣಪತ್ರ ಪಡೀಬೇಕು, ಮರಿ ಆದ್ರೆ, ಸತ್ರೆ, ಬೇರೆಯವರಿಗೆ ಕೊಟ್ರೆ ಹೇಳಬೇಕು. 2024ರ ಫೆಬ್ರವರಿ 28ರಂದು ನಿಯಮ ಬಂತು. ಈಗಾಗ್ಲೇ ಇಟ್ಕೊಂಡಿರೋರಿಗೆ ಆರು ತಿಂಗಳು, ಹೊಸದಾಗಿ ತರೋರಿಗೆ 30 ದಿನ. ನಾಲ್ಕನೇ ಮೆಟ್ಟಿಲೂ ಆಯ್ತು. ಆ ಸ್ಕ್ರೀನ್‌ಶಾಟ್‌ನ ಶುಲ್ಕ ನಿಂತಿರೋದು ಇದರ ಮೇಲೆ.

ಎಲ್ಲ ಹಕ್ಕಿಗೂ ಇದು ಅನ್ವಯ ಅಲ್ಲ, ಗಾಬರಿ ಬೇಡ. ನಾವು ಪೇಟೆಯಲ್ಲಿ 'ಲವ್ ಬರ್ಡ್ಸ್' ಅಂತ ತರೋ ಚಿಕ್ಕ ಹಸಿರು-ಹಳದಿ ಹಕ್ಕಿ ನಿಜವಾಗಿ ಬಜರಿಗರ್. ಅದು, ಕಾಕಟೀಲ್, ಮತ್ತೆ ಕೆಂಪು ಮುಖದ ಪೀಚ್‌ಫೇಸ್ ಲವ್‌ಬರ್ಡ್ ಸೈಟಿಸ್ ಪಟ್ಟಿಯಲ್ಲಿಲ್ಲ. ಮಕಾವ್, ಕೊನ್ಯೂರ್, ಕಾಕಟೂ ಇವೆ. ಆಫ್ರಿಕನ್ ಗ್ರೇ ಅಂತೂ 2017ರಿಂದ ಒಂದನೇ ಅನುಬಂಧದಲ್ಲೇ ಇದೆ, ಅತ್ಯಂತ ಬಿಗಿ ಅಲ್ಲೇ. ಕಾಡಲ್ಲಿ ಅಷ್ಟು ಹಿಡಿದಿದ್ದಾರೆ ಅವನ್ನ.

(7/7)

ಇಷ್ಟೆಲ್ಲ ಬರೆದು ನಮ್ಮ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮನೆ ಜಗಲಿಯಲ್ಲೂ ಒಂದು ಪಂಜರ ಇದೆ. ಹಸಿರು ಗಿಣಿ, ಕತ್ತಲ್ಲಿ ಗುಲಾಬಿ ಗೆರೆ. ಹತ್ತು ವರ್ಷದ ಹಿಂದೆ ಸಂತೇಲಿ ತಂದದ್ದು, ಹೆಸರು ರಾಮ. "ಹಾಗಾದ್ರೆ ನಂದಕ್ಕೂ ಕಟ್ಟಿಬಿಡು ಮಗಾ, ಎಷ್ಟಾಗುತ್ತೆ?" ಅಂದ್ರು, ಸೆರಗಿನ ಗಂಟು ಬಿಚ್ಚೋಕೇ ಹೋದ್ರು.

ಅಲ್ಲಿ ನನಗೆ ಬಾಯಿ ಕಟ್ಟಿತು. ಯಾಕಂದ್ರೆ ಆ ಗಿಣಿಗೆ ಶುಲ್ಕವೇ ಇಲ್ಲ. ಅದು ನಮ್ಮದೇ ಕಾಡಿನ ಹಕ್ಕಿ, ಈಗ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. 'ಬೇಟೆ' ಅನ್ನೋದಕ್ಕೆ ಕಾಯ್ದೆ ಕೊಡೋ ಅರ್ಥದಲ್ಲಿ ಹಿಡಿಯೋದೂ ಸೇರುತ್ತೆ, ಗೂಡಿಂದ ಮೊಟ್ಟೆ ತೆಗೆಯೋದೂ ಸೇರುತ್ತೆ. ಹಾಗೆ ಹಿಡಿದ ಹಕ್ಕಿ 39ನೇ ಸೆಕ್ಷನ್ ಪ್ರಕಾರ ಸರ್ಕಾರದ ಆಸ್ತಿ. ಸಿಕ್ಕಿಬಿದ್ರೆ ಕಟ್ಟೋದು ದಂಡ, ಮತ್ತೆ ದಂಡ ಕಟ್ಟಿದ ಮಾತ್ರಕ್ಕೆ ಹಕ್ಕಿ ನಿಮ್ಮದಾಗಲ್ಲ. ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿ 2022ರಲ್ಲಿ 25,000ದಿಂದ 1 ಲಕ್ಷಕ್ಕೆ ಏರಿದೆ, ಜೈಲೂ ಆಗಬಹುದು.

ಆಫ್ರಿಕಾದ ಗಿಳಿಗೆ ಒಂದು ಬಾಗಿಲಿದೆ, ಪಕ್ಕದ ಮಾವಿನ ಮರದ ಗಿಣಿಗೆ ಇಲ್ಲ. ಇದು ಅನ್ಯಾಯ ಅಂತ ಮೊದಲು ಅನ್ನಿಸ್ತು. ಯೋಚಿಸಿದ್ರೆ, ಶುಲ್ಕ ಕಟ್ಟಿ ಇಟ್ಕೊಳ್ಳಿ ಅಂದ್ರೆ ಮರುದಿನವೇ ಎಷ್ಟು ಪೊಟರೆ ಖಾಲಿ ಆಗುತ್ತೋ. ಅಲ್ಲಿ ನೋಂದಣಿ ಇಲ್ಲದಿರೋದೇ ರಕ್ಷಣೆ. ಹಾಗಂತ ಅಜ್ಜಿ ಮುಖ ನೋಡಿ ಇದನ್ನ ಹೇಳೋದು ಸುಲಭ ಅಲ್ಲ.

ಬಿಟ್ಟುಬಿಡೋಣ ಅಂದ್ರು ಅಜ್ಜಿ, ಎರಡು ದಿನ ಆದಮೇಲೆ, ತಾವಾಗೇ. ಬೇಡ ಅಂದೆ. ರಾಮನ ರೆಕ್ಕೆ ಕತ್ತರಿಸಿದ್ದು, ಹಾರೋದು ಮರೆತಿದೆ, ಬಿಟ್ರೆ ಬೆಕ್ಕಿನ ಪಾಲು. ಅರಣ್ಯ ಇಲಾಖೆಗೆ ಒಪ್ಪಿಸಿದ್ರೆ ಪುನರ್ವಸತಿಗೆ ದಾರಿ ಇರುತ್ತೆ. ಭಾನುವಾರ ನಾನೂ ಅಪ್ಪನೂ ಅಜ್ಜಿ ಜೊತೆ ಹೋಗ್ತಿದ್ದೀವಿ. ಅಜ್ಜಿ ಪಂಜರಕ್ಕೆ ಹೊದಿಸೋಕೆ ತಮ್ಮ ಹಳೇ ಹತ್ತಿ ಸೀರೆ ತೊಳೆದು ಒಣಗಿಸಿದ್ದಾರೆ, ದಾರೀಲಿ ಹೆದರಬಾರದು ಅಂತ.

ಗೆಳೆಯ ಆಗಸ್ಟ್ 27ಕ್ಕೆ ಅರ್ಜಿ ಹಾಕಿದ, ಶುಲ್ಕನೂ ಕಟ್ಟಿದ. ಹಕ್ಕಿ ತಂದಾಗಿನ ಬಿಲ್ಲು ಮಾತ್ರ ಇಲ್ಲ. ಪ್ರಮಾಣಪತ್ರ ಇನ್ನೂ ಬಂದಿಲ್ಲ, ದಿನಾ ಪೋರ್ಟಲ್ ತೆಗೆದು ನೋಡ್ತಾನೆ.

ನಿಮ್ಮನೇಲಿ ಯಾವ ಹಕ್ಕಿ ಇದೆ? ಕಾಮೆಂಟಲ್ಲಿ ಬರೀಬೇಡಿ ಮಾರಾಯ್ರೇ, ಡಿಎಂ ಮಾಡಿ.

#ಕಾನೂನಿನ_ಕಥೆ #ಹಕ್ಕಿ #ಶೀರೂರು_ಮಠ #ಇತಿಹಾಸ