ಹೊಟ್ಟೆಗೆ ಹಿಟ್ಟಾಯಿತು, ಕೊಕ್ಕಿಗೆ ಕೆಲಸ?

ಹೇಂಟೆ ತಿಪ್ಪೆ ಕೆದಕಿ, ಸಿಕ್ಕ ಗೆದ್ದಲನ್ನು ಕೊಕ್ಕಿನಲ್ಲೆತ್ತಿ, ಮತ್ತೆ ನೆಲಕ್ಕೆ ಬೀಳಿಸಿ ಮರಿಗಳನ್ನು ಕೂಗುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದಾರೆ. ಮೇವು ತೋರಿಸುವುದು, ತಿನ್ನಲು ಕಲಿಸುವುದು, ದಿನವಿಡೀ ಕೊಕ್ಕುತುಂಬ ಕೆಲಸ ಕೊಡುವುದು ಎಲ್ಲವೂ ಅಲ್ಲಿ ಒಟ್ಟಿಗೇ ನಡೆಯುತ್ತವೆ. ಚಳಿಯಾದರೆ ರೆಕ್ಕೆಯಡಿ ಜಾಗವೂ ಉಂಟು. ತಾಯಿಯ ಜಾಗಕ್ಕೆ ಕಾವು ಕೊಡುವ ಬ್ರೂಡರ್ ಬಂದ ಮೇಲೆ ಇವನ್ನೆಲ್ಲ ಒಂದೊಂದಾಗಿ ಹೊಂದಿಸಬೇಕಾಯಿತು. ಕೊಕ್ಕಿನ ಕೆಲಸದ ನೆನಪಾದದ್ದು ಎಲ್ಲಕ್ಕಿಂತ ಕೊನೆಗೆ.

ಬಿಸಿಯ ಸಮಸ್ಯೆ ಬೇಗ ಬಗೆಹರಿಯಿತು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ 1749ರ ತನ್ನ ಪುಸ್ತಕದಲ್ಲೇ ಕುರಿಮರಿಯ ತುಪ್ಪಳ ಹೊದಿಸಿದ ‘ಕೃತಕ ತಾಯಿ’ಯನ್ನು ವರ್ಣಿಸಿದ್ದಾನೆ. 1892ರಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ಒಂದು ದಿನದ ಮರಿಗಳು ರೈಲು ಹತ್ತಿದವು. 1918ರಲ್ಲಿ ಅಲ್ಲಿನ ಅಂಚೆಯೂ ಅವನ್ನು ಒಪ್ಪಿಕೊಂಡಿತು. ದಾರಿಯಲ್ಲಿ ಮೇವು ಬೇಕಿರಲಿಲ್ಲ: ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆಯ ಬಲದಲ್ಲಿ ಮರಿ ಎರಡು ಮೂರು ದಿನ ತಡೆಯುತ್ತದೆ. ಹಾಗೆಂದು ಮೇವಿಗೆ ಅವಸರವಿಲ್ಲವೆಂದು ತಿಳಿದದ್ದು ತಪ್ಪಾಯಿತು. ಬೇಗ ತಿಂದ ಮರಿಯ ಕರುಳು ಬೇಗ ಬಲಿಯುತ್ತದೆ, ಆ ಲೋಳೆಯೂ ಬೇಗ ಕರಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಮೇವಿನ ಚರಿತ್ರೆಯಂತೂ ಮನುಷ್ಯರ ಪೋಷಣೆಯ ಚರಿತ್ರೆಯೇ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡು ಬೆರಿಬೆರಿ ರೋಗದ ಜಾಡು ಹಿಡಿದರು. 1920ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್‌ನ ವಿಜ್ಞಾನಿಗಳಾದ ಹಾರ್ಟ್, ಹ್ಯಾಲ್ಪಿನ್, ಸ್ಟೀನ್‌ಬಾಕ್ ಕೋಣೆಯೊಳಗೆ ಬೆಳೆದ ಮರಿಗಳು ಕುಂಟುವುದೇಕೆಂದು ಹುಡುಕಿ ವಿಟಮಿನ್ ಡಿ ಕೊರತೆಗೆ ಬಂದು ನಿಂತರು. ಕೊಬ್ಬು ತೆಗೆದ ಮೇವು ತಿಂದ ಮರಿಗಳಲ್ಲಿ ರಕ್ತ ಒಸರುವುದನ್ನು ಕೋಪನ್‌ಹೇಗನ್‌ನ ಹೆನ್ರಿಕ್ ಡ್ಯಾಮ್ ಗಮನಿಸಿದರು. ಸಿಕ್ಕಿದ್ದು ವಿಟಮಿನ್ ಕೆ, 1943ರ ನೊಬೆಲ್‌ನಲ್ಲಿ ಪಾಲು. 1940ರ ದಶಕದ ಕೊನೆಗೆ ಅಮೆರಿಕದ ವಿಜ್ಞಾನಿಗಳಾದ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಆಂಟಿಬಯೋಟಿಕ್ ತಯಾರಿಕೆಯ ಉಳಿಕೆ ತಿನ್ನಿಸಿದಾಗ ಮರಿಗಳು ದಪ್ಪದಪ್ಪ ಬೆಳೆದವು. ಆ ಸುಲಭದ ದಾರಿಗೆ, ಔಷಧಕ್ಕೆ ಬಗ್ಗದ ರೋಗಾಣುಗಳ ರೂಪದಲ್ಲಿ, ಇಂದಿಗೂ ಬೆಲೆ ತೆರುತ್ತಿದ್ದೇವೆ. ಯುರೋಪು 2006ರಲ್ಲಿ ಇಂಥ ಬಳಕೆ ನಿಲ್ಲಿಸಿತು. ಭಾರತ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಒಂದನ್ನು ನಿಷೇಧಿಸಿತು.

ಪೌಷ್ಟಿಕ ಹಿಟ್ಟು ತೊಟ್ಟಿಯಲ್ಲಿ ಸದಾ ಸಿಕ್ಕಿದರೆ ಹೊಟ್ಟೆ ಬೇಗ ತುಂಬುತ್ತದೆ. ಉಳಿದ ಹೊತ್ತು ಕೊಕ್ಕು ಏನು ಮಾಡಬೇಕು? ಪಕ್ಕದ ಮರಿಯ ಪುಕ್ಕ ಕೀಳುತ್ತದೆ, ರಕ್ತ ಕಂಡರೆ ಗುಂಪೇ ಮುಗಿಬೀಳುತ್ತದೆ. ಕೋಳಿ ಸಾಕಣೆ ಉದ್ಯಮ ಇದಕ್ಕೆ ಕೊಕ್ಕು ಕತ್ತರಿಸಿತು, ದೀಪ ಮಬ್ಬುಗೊಳಿಸಿತು. ನೆಲ ಕುಟುಕಬೇಕಾದ ಚಟವೇ ಪುಕ್ಕದತ್ತ ತಿರುಗುತ್ತದೆ ಎಂದು 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಬ್ಲೋಖಾಯ್ಸ್ ವಾದಿಸಿದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಬ್ರಯಾನ್ ಜೋನ್ಸ್ ತಂಡ ಮರಿಗಳ ಮುಂದೆ ಬಗೆಬಗೆಯ ದಾರದ ಗೊಂಚಲು ತೂಗುಹಾಕಿತು. ಮರಿಗಳು ಎಳೆದಾಡಿದ್ದು ಹೆಚ್ಚಾಗಿ ಬಿಳಿ, ಹಳದಿಯ ಸಾದಾ ದಾರವನ್ನೇ. ಬಣ್ಣದ ಮಣಿ ಪೋಣಿಸುವ ಖರ್ಚು ಉಳಿಯಿತು! ಡೆನ್ಮಾರ್ಕಿನವರು ಬಿಸಿಯ ಜಾಗಕ್ಕೆ ಪರದೆ ಬಿಟ್ಟು ಕತ್ತಲು ಮಾಡಿದರು. ಎಚ್ಚರವಿದ್ದ ಮರಿಗಳ ಕಣ್ಣಿಗೆ ಮಲಗಿದ್ದವು ಬೀಳದಾದಾಗ ಪುಕ್ಕ ಕೀಳುವುದು ತಗ್ಗಿತು. ನನಗೆ ಇದೇ ಅತ್ಯಂತ ಜಾಣ ಉಪಾಯ ಅನ್ನಿಸುತ್ತದೆ. ರೆಕ್ಕೆಯ ಕೆಳಗೂ ಕತ್ತಲೇ ತಾನೆ.

ನಮ್ಮ ಕಡೆಯ ಶೆಡ್ಡುಗಳಲ್ಲಿ ಮೊದಲ ದಿನದ ಕ್ರಮ ಪಕ್ಕಾ ಆಗಿದೆ: ಭತ್ತದ ಹೊಟ್ಟಿನ ಮೇಲೆ ಹಳೆ ಪೇಪರ್, ಅದರ ಮೇಲೆ ಮೆಕ್ಕೆಜೋಳದ ನುಚ್ಚು, ಬೆಲ್ಲದ ನೀರು, ಸುಮಾರು 35 ಡಿಗ್ರಿ ಬಿಸಿ, ಮುಂದೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಕೆ. ಅನುಭವಸ್ಥರು ರಾತ್ರಿ ಮರಿಯ ಕೊರಳ ಬುಡ ಮುಟ್ಟಿ ನೋಡುತ್ತಾರೆ, ಮೆತ್ತಗೆ ತುಂಬಿದ್ದರೆ ಮೇವು ನೀರು ಎರಡೂ ಸಿಕ್ಕಿವೆ ಎಂದರ್ಥ. ಪೇಪರ್ ತೆಗೆದ ಮೇಲಿನ ವಾರಗಳಿಗೆ ಇಷ್ಟು ಕಾಳಜಿ ಕಾಣುವುದಿಲ್ಲ. ಮರಿಗಳಿಗೆ ಕೆಲಸ ಕೊಡಲು ತಲೆಗಿಂತ ಚೂರು ಮೇಲೆ ಕಟ್ಟಿದ ಸೊಪ್ಪಿನ ಸಿವುಡು, ಹೊರಳಲು ಒಂದು ತಟ್ಟೆ ಒಣ ಮರಳು, ಹತ್ತಿ ಕೂರಲು ಗಿಡ್ಡ ಕೋಲು ಸಾಕು. ಸೊಪ್ಪು ಕೊಟ್ಟರೆ ಅರೆಯಲು ಸಣ್ಣ ಕಲ್ಲುಹರಳೂ ಬೇಕು. ಹೊಟ್ಟು ಒದ್ದೆಯಾಗಿದ್ದರೆ ಮೊದಲು ಅದನ್ನು ಬದಲಿಸಿ. ಇವೆಲ್ಲ ಮೊದಲ ವಾರದಲ್ಲೇ ಒಳಗಿರಬೇಕು. ಗಾಯ ಕಂಡ ಮೇಲೆ ತಂದರೆ ಅಷ್ಟಾಗಿ ಫಲವಿಲ್ಲ. ಆಗ ಗಾಯಗೊಂಡ ಮರಿಯನ್ನು ಬೇರೆ ಇಡುವುದೊಂದೇ ದಾರಿ.